ಹೊರಗಿನ ಒಲೆ

ಕಳೆದ ಚಳಿಗಾಲದಲ್ಲಿ ನನ್ನ ಅಕ್ಕನ ಮಗ ಅಮೆರಿಕದಿಂದ ಊರಿಗೆ ಬಂದಿದ್ದ. ಬೆಂಗಳೂರಿನಲ್ಲಿ ಬೆಳೆದು, ಟೆಕ್ಸಾಸಿನಲ್ಲಿ ಹನ್ನೆರಡು ವರ್ಷ ದುಡಿದ ಮೇಲೆ ಅವನಿಗೆ ವಿಟ್ಲದಲ್ಲಿ ಒಂದು ಮನೆಯಿರಬೇಕೆಂಬ ಆಸೆ ಹುಟ್ಟಿದೆ. ನಮ್ಮ ಹಳೆಯ ಮನೆಯ ಪಕ್ಕದಲ್ಲಿ, ಅಕ್ಕನ ಪಾಲಿಗೆ ಬಂದ ಜಾಗದಲ್ಲಿ, ಕಟ್ಟಡ ಏಳುತ್ತಿತ್ತು. ಒಂದು ಸಂಜೆ ಜಗಲಿಯಲ್ಲಿ ಕುಳಿತು ಅಡಿಕೆ ಸುಲಿಯುವವರನ್ನು ನೋಡುತ್ತಿದ್ದವನು ಥಟ್ಟನೆ, "ಮಾವ, ಮನೆಯ ಹೊರಗೊಂದು ಅಡುಗೆಮನೆ ಬೇಕು. ಅದಕ್ಕೆ ಒಂದು ಗ್ರಿಲ್, ಒಂದು ಸ್ಮೋಕರ್ ಆರಿಸಬೇಕು. ನಾನು ಹೋದ ಮೇಲೆ ನೀವೇ ನಿಂತು ಮಾಡಿಸಬೇಕು" ಎಂದ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಷಟ್ಪದಿಯಲ್ಲಿ ಎಷ್ಟು ಬಗೆಯೆಂದು ಕೇಳಿದರೆ ನಿದ್ದೆಗಣ್ಣಿನಲ್ಲಿಯೂ ಆರೆಂದು ಹೇಳಿಯೇನು. ಗ್ರಿಲ್ಲಿನಲ್ಲಿ ಎಷ್ಟು ಬಗೆಯೆಂಬುದು ನನಗೆ ತಿಳಿದಿರಲಿಲ್ಲ. ಅದಲ್ಲದೆ ನಮ್ಮದು ತಲೆಮಾರುಗಳಿಂದ ಮಾಂಸ ಮುಟ್ಟದ ಮನೆ. ಅವನು ತಿನ್ನುತ್ತಾನೆ. ಮುಚ್ಚಿಟ್ಟವನೂ ಅಲ್ಲ, ಸಾರಿಕೊಂಡು ತಿರುಗಿದವನೂ ಅಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತು. ನನ್ನ ಅಮ್ಮನಿಗೊಬ್ಬಳಿಗೆ ಗೊತ್ತಿಲ್ಲವೆಂದು ಎಲ್ಲರೂ ತಿಳಿದಿದ್ದೆವು. ನನ್ನ ಮುಖ ನೋಡಿ ಅವನೇ ಹೇಳಿದ: "ಒಳಗಿನ ಅಡುಗೆಮನೆಯಲ್ಲಿ ಏನೂ ಮಾಡುವುದಿಲ್ಲ ಮಾವ. ಅದಕ್ಕೇ ಹೊರಗೆ."

ಅದು ವಿನಯದ ಮಾತು. ಆದರೂ 'ಅದಕ್ಕೇ ಹೊರಗೆ' ಎಂಬ ಎರಡು ಶಬ್ದಗಳು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುವು. ಏಕೆಂಬುದು ಆಗ ಹೊಳೆಯಲಿಲ್ಲ.

ಮೊದಲು ಒಲೆಯ ವಿಚಾರವನ್ನೇ ಹೇಳುತ್ತೇನೆ. ಧರ್ಮದ ವಿಚಾರ ಹೇಗೂ ಹಿಂದಿನಿಂದ ಬರುತ್ತದೆ. ಗ್ರಿಲ್ಲಿಗೆ ನಾನು ಕಂಬಿಯೊಲೆಯೆಂದೂ ಸ್ಮೋಕರಿಗೆ ಹೊಗೆಪೆಟ್ಟಿಗೆಯೆಂದೂ ಹೆಸರಿಟ್ಟೆ. ಅಳಿಯ ನಕ್ಕ. ನಗಲಿ, ಹೆಸರಿಟ್ಟ ಮೇಲೆ ವಸ್ತುವಿನ ಭಯ ಅರ್ಧ ಕಡಿಮೆಯಾಗುತ್ತದೆಂಬುದು ಮೇಷ್ಟ್ರುಗಳ ಅನುಭವ. ಎರಡೂ ಒಂದೇ ಎಂದು ನಾನು ತಿಳಿದಿದ್ದುದು ತಪ್ಪು. ಕಂಬಿಯೊಲೆಯಲ್ಲಿ ಕೆಳಗೆ ಕೆಂಡ, ಮೇಲೆ ಕಬ್ಬಿಣದ ಸರಳು, ಸರಳಿನ ಮೇಲೆ ತಿನ್ನುವ ವಸ್ತು. ಶಾಖ 230 ಡಿಗ್ರಿ ಸೆಲ್ಸಿಯಸ್ಸನ್ನು ದಾಟಬಹುದು. ಕೆಲಸ ಕೆಲವೇ ನಿಮಿಷದ್ದು. ಹೊಗೆಪೆಟ್ಟಿಗೆಯದು ತಾಳ್ಮೆಯ ಕೆಲಸ. ಅಲ್ಲಿ ಬೆಂಕಿ ಒಂದು ಕಡೆ, ಪದಾರ್ಥ ಒಂದು ಕಡೆ. ನಡುವೆ ಓಡಾಡುವುದು ಬಿಸಿ ಹೊಗೆ. ಶಾಖ 110ರಿಂದ 120 ಡಿಗ್ರಿಯ ಆಸುಪಾಸು. ದೊಡ್ಡ ತುಂಡಾದರೆ ಎಂಟು, ಹತ್ತು, ಹನ್ನೆರಡು ಗಂಟೆ ಕಾಯಬೇಕು. ಟೆಕ್ಸಾಸಿನವರು ರಾತ್ರಿಯೆಲ್ಲ ಕಾದು ಕುಳಿತಿರುತ್ತಾರಂತೆ. ನಮ್ಮಲ್ಲಿ ಯಕ್ಷಗಾನಕ್ಕೆ ಕೂರುವಂತೆ ಎಂದುಕೊಂಡೆ.

ಮುಚ್ಚಳವಿರುವ ದುಂಡನೆಯ ಇದ್ದಿಲೊಲೆಯ ಕಥೆ ನನಗೆ ಹಿಡಿಸಿತು. ಷಿಕಾಗೋದ ಲೋಹದ ಕಾರ್ಖಾನೆಯೊಂದರಲ್ಲಿದ್ದ ಜಾರ್ಜ್ ಸ್ಟೀಫನ್ ಎಂಬವನು ಗಾಳಿಗೆ ಬೂದಿಯೇಳುವ ತೆರೆದ ಒಲೆಯಿಂದ ಬೇಸತ್ತು, 1952ರಲ್ಲಿ, ನೀರಿನಲ್ಲಿ ತೇಲಿಬಿಡುವ ಬೋಯೆಯ ಲೋಹದ ಗೋಲವನ್ನು ಎರಡಾಗಿಸಿ, ಕೆಳಗಿನ ಅರ್ಧಕ್ಕೆ ಕಾಲು ಜೋಡಿಸಿ, ಮೇಲಿನದನ್ನು ಮುಚ್ಚಳಮಾಡಿ, ಗಾಳಿಗೆ ತೂತು ಕೊರೆದನಂತೆ. ಇಂದಿಗೂ ಆ ಒಲೆಯ ಆಕಾರ ಹೆಚ್ಚು ಬದಲಾಗಿಲ್ಲ. ಕೆಳಗಿನ ತೂತನ್ನು ತೆರೆದರೆ ಕೆಂಡ ಜ್ವಲಿಸುತ್ತದೆ, ಮುಚ್ಚಿದರೆ ಮಂಕಾಗುತ್ತದೆ. ನಮ್ಮ ಹೆಂಗಸರು ಊದುಕೊಳವೆಯಿಂದ ಮಾಡುತ್ತಿದ್ದುದನ್ನು ಅದು ಒಂದು ತಗಡಿನ ತುಣುಕಿನಿಂದ ಮಾಡುತ್ತದೆ.

ಇನ್ನು ಅನಿಲದ ಗ್ರಿಲ್ಲುಗಳಿವೆ: ಗುಂಡಿ ತಿರುಗಿಸಿದರೆ ಉರಿ, ಹೊಗೆ ಅತ್ಯಲ್ಪ. ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳನ್ನು ವಿದ್ಯುತ್ತಿನಿಂದ ತಾನೇ ನೂಕಿಕೊಂಡು ಶಾಖವನ್ನು ಸಮನಾಗಿಡುವ ಪೆಟ್ಟಿಗೆಗಳೂ ಇವೆ. ಮಳೆಗಾಲದಲ್ಲಿ ವಿಟ್ಲದ ವಿದ್ಯುತ್ತನ್ನು ನಂಬಿ ಹತ್ತು ಗಂಟೆಯ ಅಡುಗೆಗೆ ಕೈಹಾಕುವವನ ಧೈರ್ಯವನ್ನು ಮೆಚ್ಚಬೇಕು.

ಮಳೆಯೆಂದೊಡನೆ ಲೋಹದ ಪ್ರಶ್ನೆ ಬರುತ್ತದೆ. ಜೂನಿನಿಂದ ನಾಲ್ಕು ತಿಂಗಳು ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ. ಕಬ್ಬಿಣ ಹೇಗೆ ಉಳಿದೀತು? ಅಂಗಡಿಗೆ ಹೋಗುವಾಗ ಒಂದು ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಳ್ಳಬೇಕೆಂದು ಮಂಗಳೂರಿನ ಮೆಕ್ಯಾನಿಕನೊಬ್ಬ ಕಲಿಸಿಕೊಟ್ಟ. 304 ಎಂಬ ದರ್ಜೆಯ ಸ್ಟೇನ್‌ಲೆಸ್ ಉಕ್ಕಿಗೆ ಅದು ಸಾಮಾನ್ಯವಾಗಿ ಅಂಟುವುದಿಲ್ಲ. ಅಗ್ಗದ 430ಕ್ಕೆ ಅಂಟುತ್ತದೆ, ಆ ಉಕ್ಕು ನಮ್ಮ ಹವೆಯಲ್ಲಿ ಬೇಗನೆ ಕಲೆಯಾಗುತ್ತದೆ. ಸತುವಿನ ಲೇಪವಿರುವ ತಗಡನ್ನಂತೂ ಬೆಂಕಿಯ ಮೇಲೆ ಇಡಲೇಬಾರದು. ಕಾದಾಗ ಏಳುವ ಆವಿ ಕೆಟ್ಟದ್ದು. ಎರಕದ ಕಬ್ಬಿಣದ ಸರಳು ಒಳ್ಳೆಯದೇ, ಆದರೆ ದೋಸೆಯ ಕಾವಲಿಯಂತೆ ಎಣ್ಣೆ ಹಚ್ಚಿ ಸಾಕಬೇಕು. ಕಟ್ಟೆಗೆ ನಮ್ಮ ಮುರಕಲ್ಲೇ ಸಾಕು, ಹೊಳೆಯ ಕಲ್ಲು ಬೇಡ. ಒಳಗೆ ನೀರು ಹಿಡಿದಿದ್ದರೆ ಬೆಂಕಿ ತಾಗಿದಾಗ ಸಿಡಿಯುತ್ತದೆ. ಉರುವಲಿಗೆ ಗೆರಟೆಯ ಇದ್ದಿಲು ಉತ್ತಮ, ಕಾವು ಹೆಚ್ಚು, ಹೊಗೆ ಕಡಿಮೆ. ಗೇರುಬೀಜದ ಸಿಪ್ಪೆಯನ್ನು ಮಾತ್ರ ಹಾಕಕೂಡದು. ಚಿಕ್ಕಂದಿನಲ್ಲಿ ಅಂಗಳದ ಮೂಲೆಯಲ್ಲಿ ಹಸಿ ಗೇರುಬೀಜ ಸುಟ್ಟು, ಸಿಡಿದ ಎಣ್ಣೆಯಿಂದ ಕೈಗೆ ಬೊಕ್ಕೆಯೆದ್ದವರಿಗೆ ಇದನ್ನು ಹೇಳಬೇಕಾಗಿಲ್ಲ.

ಹೀಗೆ ತಿಳಿಯುತ್ತ ಹೋದಂತೆ ನನಗೆ ಒಂದು ಅನುಮಾನ ಬಂದಿತು. ಇದರಲ್ಲಿ ಹೊಸತೇನು? ಹಲಸಿನ ಹಪ್ಪಳವನ್ನು ಕೆಂಡದ ಮೇಲೆ ಹಿಡಿದು, ಒಂದು ಕಡೆಯೂ ಕರಿಯಾಗದಂತೆ ತಿರುಗಿಸುವ ಕೈಚಳಕಕ್ಕೆ ಕಂಬಿಯೊಲೆಯೆಂದು ಹೆಸರಿಲ್ಲದಿದ್ದರೇನಾಯಿತು? ಬದನೆಕಾಯಿ ಸುಟ್ಟೆವು, ಗೆಣಸು ಸುಟ್ಟೆವು, ಹಲಸಿನ ಬೀಜ ಸುಟ್ಟೆವು. ಹೊಗೆಯಂತೂ ನಮಗೆ ಅನ್ನದಷ್ಟೇ ಹಳೆಯದು. ಒಲೆಯ ಮೇಲಿನ ಅಟ್ಟದಲ್ಲಿ ಮುಂದಿನ ವರ್ಷದ ಬೀಜ ಹುಳ ಹಿಡಿಯದೆ ಉಳಿದುದು ಹೊಗೆಯಿಂದ. ಬಿದಿರಿನ ಬುಟ್ಟಿ ಕುಟ್ಟೆಯಾಗದೆ ಬಾಳಿದುದು ಹೊಗೆಯಿಂದ. ಪಕ್ಕದ ತೋಟದವರಲ್ಲಿ ಇಂದಿಗೂ ರಬ್ಬರಿನ ಹೊಗೆಮನೆಯಿದೆ. ಹಾಳೆಗಳನ್ನು 40ರಿಂದ 60 ಡಿಗ್ರಿಯಲ್ಲಿ ನಾಲ್ಕು ದಿನ ಹೊಗೆಗೆ ತೂಗುಹಾಕಿ, ಜೇನಿನ ಬಣ್ಣ ಬಂದ ಮೇಲೆ ತೆಗೆಯುತ್ತಾರೆ. ಅಳಿಯನಿಗೆ ಅದನ್ನು ತೋರಿಸಿದೆ. "ಇದು ಸ್ಮೋಕರೇ ಮಾವ!" ಎಂದು ಬೆರಗಾದ. ತಿನ್ನಲು ಬರುವುದಿಲ್ಲ, ಅಷ್ಟೇ ಎಂದೆ.

ಒಲೆಯ ಆಯ್ಕೆ ಹೀಗೆ ಸುಲಭವಾಯಿತು. ಜಾಗದ ಆಯ್ಕೆ ಆಗಲಿಲ್ಲ. ಮುಂದಿನ ಅಂಗಳದಲ್ಲಿ ಚಾಲಿ ಒಣಗುತ್ತದೆ, ನಲವತ್ತು ನಲವತ್ತೈದು ದಿನ ಅಲ್ಲಿ ಕಿಡಿ ಹಾರುವಂತಿಲ್ಲ. ಪಡುವಣ ಮೂಲೆಯಲ್ಲಿ ಇಡೋಣವೆಂದರೆ ಮಧ್ಯಾಹ್ನದ ಮೇಲೆ ಗಾಳಿ ಅತ್ತಲಿಂದಲೇ ಬೀಸುತ್ತದೆ. ಹೊಗೆಯೂ ವಾಸನೆಯೂ ನೇರವಾಗಿ ಅಮ್ಮನ ಕೋಣೆಯ ಕಿಟಕಿಗೆ. ಆಗ ಮೇಸ್ತ್ರಿ ಒಂದು ಸಲಹೆ ಕೊಟ್ಟ: "ಮೂಡು ಬದಿಯ ಹಳೆಯ ಹಟ್ಟಿಯ ಹತ್ತಿರ ಮಾಡುವ. ಒಂದು ಒಲೆ ಅಲ್ಲಿ ಮೊದಲೇ ಉಂಟಲ್ಲ. ಅಲ್ಲಿಂದ ಹೊಗೆ ಹೋದರೆ ಯಾರಿಗೂ ತೊಂದರೆ ಇಲ್ಲ."

ಸರಿಯಾದ ಮಾತು ಎಂದು ನಾನು ತಲೆಯಾಡಿಸಿದೆ. ಅಳಿಯನೂ ಒಪ್ಪಿದ. ಗೂಟ ಹೊಡೆದು ದಾರ ಕಟ್ಟಿಯಾಯಿತು.

ಆ ಹಳೆಯ ಒಲೆಯ ಕಥೆಯನ್ನು ಇಲ್ಲಿ ಹೇಳಬೇಕು. ನಮ್ಮ ಬಯಲಿನಲ್ಲಿ ಇನ್ನೂ ಭತ್ತ ಬೆಳೆಯುತ್ತಿದ್ದ ಕಾಲದಲ್ಲಿ ಅದರ ಮೇಲೆ ದೊಡ್ಡ ಕೊಪ್ಪರಿಗೆಯಿಟ್ಟು ಕುಚ್ಚಿಲಕ್ಕಿಗೆ ಭತ್ತ ಬೇಯಿಸುತ್ತಿದ್ದರು. ಬಯಲೆಲ್ಲ ಅಡಿಕೆ ತೋಟವಾದ ಮೇಲೆ ದನಗಳ ಅಕ್ಕಚ್ಚಿಗೆ ಉಳಿಯಿತು. ದನಗಳೂ ಹೋದ ಮೇಲೆ ಯಾವುದಕ್ಕೂ ಇಲ್ಲದೆ ಕಲ್ಲು ಮಾತ್ರ ನಿಂತಿತು. ಆ ಒಲೆಯ ಮುಂದೆ ನಲವತ್ತು ವರ್ಷ ಕುಕ್ಕರಗಾಲಿನಲ್ಲಿ ಕುಳಿತು, ಮಡಲು, ಕೊತ್ತಳಿಗೆ, ಅಡಿಕೆ ಸಿಪ್ಪೆ ನೂಕಿ ಉರಿಸಿದವರು ಒಬ್ಬ ಹೆಂಗಸು. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಮಧ್ಯಾಹ್ನ ಆ ಒಲೆಯ ಪಕ್ಕದಲ್ಲೇ, ಇಳಿಮಾಡಿನ ನೆರಳಿನಲ್ಲಿ, ನೆಲದ ಮೇಲೆ ಎಲೆ ಹಾಕಿ ಅವರಿಗೆ ಊಟ. ಬಡಿಸುವ ಕೈ ಮೇಲಿನಿಂದ, ಸಾಕಷ್ಟು ಎತ್ತರದಿಂದ ಬರುತ್ತಿತ್ತು. ಊಟವಾದ ಮೇಲೆ ಆ ಜಾಗಕ್ಕೆ ಸೆಗಣಿ ಸಾರಿಸುವವರೂ ಅವರೇ. ಇದು ಎಲ್ಲೋ ಪುರಾಣ ಕಾಲದ ಸಂಗತಿಯಲ್ಲ. ಕಳೆದ ಶತಮಾನದ ಎಂಬತ್ತರ ದಶಕದ ಕೊನೆಯಲ್ಲಿ, ನಾನು ಶಾಲೆಗೆ ಹೋಗುತ್ತಿದ್ದಾಗ, ನನ್ನ ಕಣ್ಣಿನಿಂದಲೇ ನೋಡಿದ್ದು. ನೋಡಿದ್ದು ಎಂದರೆ, ನೋಡಿಯೂ ಕಾಣದಿದ್ದದ್ದು.

ಈಗ ಅವರಿಗೆ ಎಪ್ಪತ್ತೈದು ದಾಟಿದೆ. ಮನೆ ನಮ್ಮ ಮೂಡು ಗಡಿಯ ಆಚೆ, ಆ ಒಲೆಯಿಂದ ಮೂವತ್ತು ಹೆಜ್ಜೆ. ಕೆಲಸ ಬಿಟ್ಟು ವರ್ಷಗಳಾದುವು. ರೂಢಿಗೆ ಸಂಜೆ ಒಮ್ಮೆ ಬಂದು ಅಮ್ಮನೊಡನೆ ನಾಲ್ಕು ಮಾತಾಡಿ ಹೋಗುತ್ತಾರೆ. ಗೂಟ ಹೊಡೆದ ದಿನವೂ ಬಂದರು. ಏನಿದು ಎಂದು ಕೇಳಿದರು. ಅಳಿಯನಿಗೆ ಹೊರಗೆ ಅಡುಗೆ ಮಾಡಿ, ಹೊರಗೇ ಕುಳಿತು ಊಟಮಾಡಲು ಜಾಗ ಎಂದು ತುಳುವಿನಲ್ಲಿ ಹೇಳಿದೆ. ಅವರು ದಾರವನ್ನು ನೋಡಿದರು, ಎತ್ತರಕ್ಕೆ ಎದ್ದ ಹೊಸ ಮನೆಯನ್ನು ನೋಡಿದರು, ಕೆಮ್ಮಿದರು. ಆಮೇಲೆ ನಿಜವಾದ ಆಶ್ಚರ್ಯದಿಂದಲೇ ಕೇಳಿದರು: "ಉಲಯಿ ಜಾಗೆ ಇಜ್ಜಾ?"

ಒಳಗೆ ಜಾಗವಿಲ್ಲವೇ ಎಂದು ಅದರ ಅರ್ಥ. ವ್ಯಂಗ್ಯ ಅದರಲ್ಲಿ ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ನಾನು ಅಂದು ರಾತ್ರಿ ಚೆನ್ನಾಗಿ ನಿದ್ದೆಮಾಡುತ್ತಿದ್ದೆ. ಅವರ ಅನುಭವದಲ್ಲಿ ಹೊರಗೆ ಉಣ್ಣುವವರು ಒಳಗೆ ಜಾಗವಿಲ್ಲದವರು. ತಾನಾಗಿಯೇ ಬಯಸಿ, ಹಣ ಕೊಟ್ಟು ಹೊರಗೆ ಕೂರುವುದು ಅವರಿಗೆ ಅರ್ಥವಾಗದ ವಿಷಯ. ಅಳಿಯನಿಗೆ ಹೊರಗೆಂದರೆ ಆಕಾಶ, ಗಾಳಿ, ಗೆಳೆಯರು. ಒಂದೇ ಶಬ್ದ, ಒಂದೇ ಒಲೆಯ ಕಲ್ಲು.

ಆ ರಾತ್ರಿಯೇ ನನಗೆ ಇನ್ನೊಂದೂ ಹೊಳೆಯಿತು. ಮೇಸ್ತ್ರಿ 'ಯಾರಿಗೂ ತೊಂದರೆ ಇಲ್ಲ' ಎಂದಾಗ, ಪಡುವಣ ಗಾಳಿ ಆ ಹೊಗೆಯನ್ನು ಒಯ್ಯುವುದು ಎಲ್ಲಿಗೆಂದು ನಾನು ಯೋಚಿಸಲೇ ಇಲ್ಲ. ಮೂವತ್ತು ಹೆಜ್ಜೆಯಾಚೆ ಒಂದು ಮನೆಯಿದೆ. ಅದರಲ್ಲಿ ಒಬ್ಬರಿಗೆ ಕೆಮ್ಮಿದೆ. ಆ 'ಯಾರೂ' ಎಂಬ ಲೆಕ್ಕದೊಳಗೆ ಅವರು ಬರಲಿಲ್ಲ. ಮೇಸ್ತ್ರಿಯನ್ನು ಏಕೆ ದೂರಲಿ? ಅವನು ಹೊರಗಿನವನು. ತಲೆಯಾಡಿಸಿದವನು ನಾನು.

ಆ ವಾರ ತರಗತಿಯಲ್ಲಿ ನಾನು ಜನ್ನನ 'ಯಶೋಧರ ಚರಿತೆ'ಯನ್ನು ಪಾಠಮಾಡುತ್ತಿದ್ದೆ. 1209ರಲ್ಲಿ ರಚಿತವಾದ ಈ ಕಾವ್ಯದ ಕಥೆ ಓದುಗರಿಗೆ ತಿಳಿದದ್ದೇ. ಮಗ ಕಂಡೆನೆಂದು ಹೇಳಿದ ಕೆಟ್ಟ ಕನಸಿನ ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆಂದು ತಾಯಿ ಹಟಹಿಡಿಯುತ್ತಾಳೆ. ಕೊಲ್ಲಲಾರೆನೆನ್ನುವ ಮಗ ಕೊನೆಗೆ ಹಿಟ್ಟಿನ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಜೀವವಿಲ್ಲದ ಹಿಟ್ಟು. ಆದರೂ ಕಡಿಯುವ ಸಂಕಲ್ಪವಿತ್ತಲ್ಲ, ಅದರ ಫಲವಾಗಿ ತಾಯಿಮಕ್ಕಳಿಬ್ಬರೂ ಪ್ರಾಣಿಜನ್ಮಗಳಲ್ಲಿ ಹುಟ್ಟಿ ಹುಟ್ಟಿ ಕೊಲೆಯಾಗುತ್ತಾರೆ. ಅಳಿಯನೂ ಅದೇ ದಿನಗಳಲ್ಲಿ, "ಅಜ್ಜಿ ಇರುವಷ್ಟು ಕಾಲ ಗ್ರಿಲ್ಲಿನಲ್ಲಿ ಪನೀರು ಮಾತ್ರ ಸುಡುತ್ತೇನೆ, ಬೇಕಾದರೆ ಕೋಳಿಯ ಮಸಾಲೆಯಲ್ಲೇ" ಎಂದು ಸಂಧಿಗೆ ಬಂದಿದ್ದ. ಹಿಟ್ಟಿನ ಕೋಳಿ ನಮ್ಮ ಅಂಗಳಕ್ಕೆ ಬಂದೇಬಿಟ್ಟಿತೆಂದು ನಾನು ಮನಸ್ಸಿನಲ್ಲಿ ನಕ್ಕಿದ್ದೆ.

ನಗುವನ್ನು ಒಬ್ಬ ವಿದ್ಯಾರ್ಥಿ ನಿಲ್ಲಿಸಿದ. ಹಿಂದಿನ ಬೆಂಚಿನಿಂದ ಎದ್ದು, "ಸರ್, ಹಿಟ್ಟಿನ ಕೋಳಿಗೇ ಇಷ್ಟು ಜನ್ಮ ಎತ್ತಬೇಕಾದರೆ, ದೈವಕ್ಕೆ ನಿಜವಾದ ಕೋಳಿ ಕೊಡುವ ನಮ್ಮ ಮನೆಯವರು ಎಷ್ಟು ಎತ್ತಬೇಕು?" ಎಂದು ಕೇಳಿದ. ತರಗತಿ ನಕ್ಕಿತು, ಅವನು ನಗಲಿಲ್ಲ. ಕವಿಯ ಮತ, ಕಾಲ, ಕಾವ್ಯದ ಉದ್ದೇಶ ಎಂದು ನಾನೇನೋ ಹೇಳಿದೆ. ಅಂಕ ಕೊಡುವುದಾದರೆ ನನ್ನ ಉತ್ತರಕ್ಕೆ ನಾನೇ ಹತ್ತಕ್ಕೆ ಮೂರು ಕೊಡುವೆ. ನಿಜವಾಗಿ ಅವನು ಕೇಳಿದುದು, ನೀವು ಒಳಗಿನವರೋ ನಾವು ಹೊರಗಿನವರೋ ಎಂದು.

ಮನೆಗೆ ಬರುವ ಬಸ್ಸಿನಲ್ಲಿ ಉತ್ತರ ಬೇರೆ ದಿಕ್ಕಿನಿಂದ ಹೊಳೆಯಿತು. ಜನ್ನ ಅಳೆದುದು ಕೈಯ ಹಿಂಸೆಯನ್ನಲ್ಲ, ಮನಸ್ಸಿನ ಹಿಂಸೆಯನ್ನು. ಆ ಅಳತೆಗೋಲು ಕೋಳಿಗೆ ಮಾತ್ರವೇ? ಜೀವವಿಲ್ಲದ ಹಿಟ್ಟನ್ನು ಕಡಿಯುವ ಸಂಕಲ್ಪವೇ ಪಾಪವಾದರೆ, ಜೀವವಿರುವ ಮನುಷ್ಯರನ್ನು ಇಳಿಮಾಡಿನಲ್ಲಿ ಕೂರಿಸಿ ಮೇಲಿನಿಂದ ಬಡಿಸುವ ಸಂಕಲ್ಪ ಏನಾಗಬೇಕು? ಕೋಳಿಯನ್ನು ಮುಟ್ಟದ ಕೈಯೆಂದು ನಾವು ಹೆಮ್ಮೆಪಟ್ಟೆವು. ಮುಟ್ಟದೆ ಇದ್ದುದು ಕೋಳಿಯನ್ನಷ್ಟೇ ಅಲ್ಲ. ಇದೇ ಜಿಲ್ಲೆಯಲ್ಲಿ ಕೊರಗರಿಗೆ ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಲ್ಲಿಸಲು 2000ನೆಯ ಇಸವಿಯಲ್ಲಿ ಒಂದು ಕಾನೂನನ್ನೇ ಮಾಡಬೇಕಾಯಿತು. ಕಾನೂನು ಬಂದಾಗ ನಾನು ಕಾಲೇಜು ವಿದ್ಯಾರ್ಥಿ. ನಮ್ಮ ಮನೆಗೆ ಸಂಬಂಧವಿಲ್ಲದ ಸುದ್ದಿಯೆಂದು ಪತ್ರಿಕೆಯ ಪುಟ ಮಗುಚಿದ್ದು ನೆನಪಿದೆ.

ಮಹಾಭಾರತದಲ್ಲಿ ಕೌಶಿಕನೆಂಬ ಬ್ರಾಹ್ಮಣ ಧರ್ಮವೇನೆಂದು ಕೇಳಲು ಮಿಥಿಲೆಯ ಮಾಂಸದಂಗಡಿಗೆ ಹೋದ. ನಾವು ಆ ಕಥೆಯನ್ನು ಎಷ್ಟು ಸಲ ಹೇಳಿದರೂ ಅಂಗಡಿಯ ಬಾಗಿಲಲ್ಲೇ ನಿಲ್ಲುತ್ತೇವೆ. ವ್ಯಾಧನು ಅವನನ್ನು ಮನೆಯೊಳಕ್ಕೆ ಕರೆದೊಯ್ದು ತನ್ನ ತಂದೆತಾಯಿಯರನ್ನು ತೋರಿಸಿದನೆಂಬುದನ್ನು ಮರೆಯುತ್ತೇವೆ. ವ್ಯಾಧನ ಮನೆಯಲ್ಲಿ ಬ್ರಾಹ್ಮಣನಿಗೆ ಒಳಗೆ ಜಾಗವಿತ್ತು.

ಇರಲಿ. ಮನಸ್ಸಿನ ಮಾತು ಹೀಗಾದರೆ ಶ್ವಾಸಕೋಶದ ಮಾತೂ ಇದೆ. ಮನೆಯೊಳಗೆ ಸೌದೆ ಉರಿಸಿದ ಹೊಗೆ ಕ್ಯಾನ್ಸರನ್ನು ತರುವ ಸಂಭವವುಳ್ಳದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2010ರಲ್ಲಿ ವರ್ಗೀಕರಿಸಿತು. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಏಳುವ ಹೊಗೆಯಲ್ಲಿಯೂ ಅದೇ ಜಾತಿಯ ವಿಷಗಳಿವೆ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ ವಿಭಾಗದವರು ಮುಂದೆ ಹೊಗೆಕೊಳವೆಯಿರುವ ಅಸ್ತ್ರ ಒಲೆಯನ್ನು ರೂಪಿಸಿದರು. ಹೊಗೆ ಕಡಿಮೆ, ಸೌದೆಯೂ ಕಡಿಮೆ. ಆ ಒಲೆ ನಮ್ಮ ಮನೆಯ ಒಳಗಿನ ಅಡುಗೆಮನೆಗೆ ಬಂದಿತು. ಆಮೇಲೆ ಅನಿಲ ಬಂದಿತು. ಹೊರಗಿನ ಒಲೆಗೆ ಯಾವುದೂ ಬರಲಿಲ್ಲ. ಅಕ್ಕಚ್ಚಿನ ಒಲೆಗೆ ಕೊಳವೆ ಯಾರು ಕಟ್ಟಿಸುತ್ತಾರೆ? ಅವರ ಸ್ವಂತ ಮನೆಗೆ ಸಿಲಿಂಡರು ಬಂದುದು 2016ರ ಉಜ್ವಲ ಯೋಜನೆಯ ಅನಂತರ. ಅಷ್ಟು ಹೊತ್ತಿಗೆ ಕೆಮ್ಮು ಬಂದು ನೆಲೆಸಿಯಾಗಿತ್ತು. ಆ ಕೆಮ್ಮಿಗೆ ನಮ್ಮ ಒಲೆಯೇ ಕಾರಣವೆಂದು ಯಾವ ವೈದ್ಯನೂ ಬರೆದುಕೊಟ್ಟಿಲ್ಲ. ಬರೆದುಕೊಟ್ಟಿಲ್ಲವೆಂಬ ಸಮಾಧಾನ ನನಗೆ ಸಾಲುವುದಿಲ್ಲ.

ಮರುದಿನ ಬೆಳಗ್ಗೆ ಗೂಟ ಕೀಳಿಸಿದೆ. ಅಳಿಯ ಏಕೆಂದು ಕೇಳಿದ. ಗಾಳಿಯ ಲೆಕ್ಕ ತಪ್ಪಿತು ಎಂದೆ. ಅವನು ಜಾಣ, ಎರಡೇ ಪ್ರಶ್ನೆಯಲ್ಲಿ ವಿಷಯ ತಿಳಿದುಕೊಂಡ. ಆದರೆ ಅವನ ಮುಂದಿನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ: "ಮಾವ, ಗಾಳಿಯ ಕೆಳಗೆ ಯಾರಾದರೂ ಇದ್ದೇ ಇರುತ್ತಾರಲ್ಲ? ಹಾಗಾದರೆ ಯಾರೂ ಒಲೆ ಹಚ್ಚಬಾರದೇ?"

ಇದು ನಿಜವಾದ ಪ್ರಶ್ನೆ. ಹಚ್ಚಬಾರದೆನ್ನುವುದು ನನ್ನಂಥ ಪುಸ್ತಕದ ಹುಳುವಿಗೆ ಸುಲಭ, ಏಕೆಂದರೆ ನನಗೆ ಹೇಗೂ ಅದರ ಆಸೆಯಿಲ್ಲ; ಆಸೆಯಿಲ್ಲದವನ ತ್ಯಾಗಕ್ಕೆ ಬೆಲೆ ಏನು? ಅಳಿಯನಿಗೆ ಆ ಒಲೆಯೆಂದರೆ ಊರಿಲ್ಲದ ಊರಿನಲ್ಲಿ ಶನಿವಾರದ ಸಂಜೆ ಅವನನ್ನು ಮನುಷ್ಯರ ನಡುವೆ ಕೂರಿಸಿದ ವಸ್ತು. ಅವನ ಗೆಳೆಯರಲ್ಲಿ ಎಲ್ಲ ದೇಶದವರೂ ಇದ್ದಾರೆ. ಆ ಬೆಂಕಿಯ ಸುತ್ತ ಯಾರೂ ಯಾರಿಗೂ ಮೇಲಿನಿಂದ ಬಡಿಸುವುದಿಲ್ಲ. ಅದನ್ನು ಇಲ್ಲಿಗೂ ತರಬೇಕೆಂಬುದು ಅವನ ಬಯಕೆ. ಅದರಲ್ಲಿ ತಪ್ಪು ಕಾಣುವಷ್ಟು ಪವಿತ್ರ ನಾನಲ್ಲ. ನನ್ನ ಮಟ್ಟಿಗೆ ತೋರಿದುದು ಇಷ್ಟು: ಹೊಗೆ ಯಾರ ಮನೆಗೆ ಹೋಗುವುದೋ ಅವರನ್ನು ಮೊದಲು ಕೇಳಬೇಕು. ಅವರು ಬೇಡವೆನ್ನಬಹುದಾದ ಸ್ಥಿತಿಯಲ್ಲಿರಬೇಕು. ನಲವತ್ತು ವರ್ಷ ನಮ್ಮ ಅನ್ನ ಉಂಡವರು ನಮಗೆ ಬೇಡವೆನ್ನುತ್ತಾರೆಯೆ? ಕೇಳುವುದೂ ಅಷ್ಟು ಸುಲಭವಲ್ಲ.

ಅಮ್ಮನನ್ನು ಕೇಳುವುದು ನನ್ನ ಪಾಲಿಗೆ ಬಂದಿತು. ಅವಳ ಹವ್ಯಕ ಮಾತನ್ನು ಶಿಷ್ಟಕನ್ನಡಕ್ಕೆ ತಿರುಗಿಸಿ ಬರೆಯುತ್ತೇನೆ. ಸುತ್ತಿ ಬಳಸಿ ನಾನು ಪೀಠಿಕೆ ಹಾಕುತ್ತಿದ್ದಾಗ ಅವಳು ತಡೆದು, "ಅವನು ಕೋಳಿ ತಿನ್ನುವುದು ನನಗೆ ಗೊತ್ತಿಲ್ಲವೆಂದು ಮಾಡಿದೆಯಾ? ಎಂಟು ವರ್ಷವಾಯಿತು" ಎಂದಳು. ಹಾಗಾದರೆ ಏಕೆ ಹೇಳಲಿಲ್ಲವೆಂದೆ. "ಹೇಳಿದರೆ ಅವನು ನನ್ನೆದುರು ಉಣ್ಣಲು ಕೂರುವುದಿಲ್ಲ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ವಾಸನೆ ನನಗಾಗುವುದಿಲ್ಲ. ವರ್ಷಕ್ಕೆ ನಾಲ್ಕು ದಿನ ಕಿಟಕಿ ಹಾಕಿಕೊಳ್ಳುತ್ತೇನೆ. ಆದರೆ ಮೊದಲ ದಿನ ಅದರಲ್ಲಿ ನನ್ನ ಹಪ್ಪಳ ಸುಡಬೇಕು" ಎಂದಳು.

ಕಡೆಗೆ ಆದ ಏರ್ಪಾಡು ಹೀಗೆ. ಮಂಗಳೂರಿನ ಅಂಗಡಿಯಿಂದ ಮುಚ್ಚಳದ ದುಂಡು ಇದ್ದಿಲೊಲೆಯೊಂದು ಬಂದಿತು. ಒಂದೇ ಕಡೆ ಕಟ್ಟಿ ನಿಲ್ಲಿಸಲಿಲ್ಲ. ಕಾಲಿಗೆ ಗಾಲಿಯಿರುವುದನ್ನೇ ಆರಿಸಿದೆವು, ಗಾಳಿ ನೋಡಿ ಸರಿಸಲು. ಮಳೆಯಲ್ಲಿ ಮಾಡಿನೊಳಕ್ಕೆ ತಳ್ಳಲೂ ಆಗುತ್ತದೆ. ಆದರೆ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹಚ್ಚಕೂಡದೆಂದು ಮನೆಯವರಿಗೆಲ್ಲ ಹೇಳಿದ್ದೇನೆ, ಬಣ್ಣ ವಾಸನೆಗಳಿಲ್ಲದ ಅದರ ಅನಿಲ ನಿದ್ದೆಯಲ್ಲೇ ಕೊಲ್ಲುತ್ತದೆ. ಸರಳಿನ ತಟ್ಟೆ ಎರಡು ತಂದೆವು. ಒಂದು ಹಪ್ಪಳ ಗೆಣಸುಗಳಿಗೆ, ಇನ್ನೊಂದು ಅವನದಕ್ಕೆ. ಅಗ್ನಿಗೆ ಪಾವಕನೆಂದು ಹೆಸರು, ಎಲ್ಲವನ್ನೂ ಶುದ್ಧಿಮಾಡುವವನು. ಆದರೂ ಕಬ್ಬಿಣಕ್ಕೆ ಎರಡು ಜಾತಿ ಮಾಡಿದೆವಲ್ಲ ಎಂದು ನನಗೆ ನಾಚಿಕೆಯಾಗದಿರಲಿಲ್ಲ. ಅಳಿಯ ಇದನ್ನು ಸೌಜನ್ಯವೆಂದ. ಇರಬಹುದು. ಹಿಂದೆ ಇಳಿಮಾಡಿನ ಪದ್ಧತಿಗೂ ನಾವು ಅದಕ್ಕಿಂತ ಒಳ್ಳೆಯ ಹೆಸರುಗಳನ್ನೇ ಇಟ್ಟಿದ್ದೆವು. ಎರಡಕ್ಕೂ ಇರುವ ಅಂತರವನ್ನು ನಾನು ಇನ್ನೂ ಯೋಚಿಸುತ್ತಿದ್ದೇನೆ. ಅಮ್ಮ ತನ್ನ ನಾಲಗೆಗೆ ಗೆರೆ ಎಳೆದುಕೊಂಡಳು, ಬೇರೆಯವರ ಕುರ್ಚಿಗಲ್ಲ. ಅಂತರ ಅಲ್ಲೇ ಎಲ್ಲೋ ಇರಬೇಕು.

ಹೊಗೆಪೆಟ್ಟಿಗೆ ಬರಲಿಲ್ಲ. ಕೆಂಡದ ಒಲೆಯ ಹೊಗೆ ಅರ್ಧ ಗಂಟೆಯದು, ಅದನ್ನು ನೆರೆಯವರು ಸಹಿಸಿಯಾರು. ಹತ್ತು ಗಂಟೆ ಬಿಡದೆ ಹೊಗೆ ಬಿಡುವುದಕ್ಕೆ ನಾನು ಒಪ್ಪಲಿಲ್ಲ. ಮಳೆಗಾಲ ಕಳೆದ ಮೇಲೆ ನೋಡೋಣವೆಂದು ಅವನೂ ಸುಮ್ಮನಾದ. ಈಗಲೂ ಫೋನಿನಲ್ಲಿ ಕೇಳುತ್ತಿರುತ್ತಾನೆ.

ಒಲೆ ಹಚ್ಚಿದುದು ಅವನು ಹೊರಡುವ ಮುನ್ನಾದಿನ. ಗೆರಟೆ ಇದ್ದಿಲು ಬಿಳಿಯ ಬೂದಿ ಹೊದ್ದು ಕೆಂಪಾಗುವವರೆಗೆ ಕಾದು, ಮೊದಲು ಹಪ್ಪಳ ಸುಟ್ಟೆವು. ಎರಡು ಕರಿಯಾದುವು, ಅಮ್ಮ ಅಳಿಯನನ್ನು ಸರಿಸಿ ತಾನೇ ನಿಂತಳು. ಆಮೇಲೆ ಗೆಣಸು. ಅಷ್ಟರಲ್ಲಿ ಅವರು ಎಂದಿನಂತೆ ಬಂದು, ಎಂದಿನಂತೆ ಇಳಿಮಾಡಿನ ಕಂಬದ ಪಕ್ಕದಲ್ಲಿ ನಿಂತರು. ಅಳಿಯನಿಗೆ ತುಳು ಅಷ್ಟಾಗಿ ಬಾರದು. ಕನ್ನಡದಲ್ಲೇ, "ಬನ್ನಿ ಅಜ್ಜಿ, ಕೂತುಕೊಳ್ಳಿ" ಎಂದು ಕುರ್ಚಿ ಎಳೆದ. ಅವನ ಬಾಯಿಗೆ ಅದು ಎಷ್ಟು ಸಲೀಸಾಗಿ ಬಂದಿತು! ನಾನು ಆರು ವರ್ಷದವನಿದ್ದಾಗಲೇ ಅವರು ನನ್ನನ್ನು ಬಹುವಚನದಲ್ಲಿ ಕರೆಯುತ್ತಿದ್ದರು. ಅಮ್ಮನ ವಯಸ್ಸಿಗೆ ಹತ್ತಿರದ ಅವರನ್ನು ನಾನು ಏಕವಚನದಲ್ಲಿ, ಹೆಸರು ಹಿಡಿದು. ಅಮ್ಮನಿಗೂ ನಾವು ಏಕವಚನವೇ. ಆದರೆ ಅದು ಸಲಿಗೆಯದು, ಇದು ಬೇರೆ; ವ್ಯಾಕರಣ ಪುಸ್ತಕದಲ್ಲಿ ಮಾತ್ರ ಎರಡೂ ಒಂದೇ. ಈ ಬರಹದುದ್ದಕ್ಕೂ 'ಅವರು' ಎಂದು ಬರೆದಿದ್ದೇನೆ. ಬರೆಯುವಾಗ ಬಹುವಚನ ಸುಲಭ.

ಅವರು ಕುರ್ಚಿಯ ಕಡೆಗೆ ಬರಲಿಲ್ಲ. ಕನ್ನಡ ತಿಳಿಯಲಿಲ್ಲವೋ, ತಿಳಿದೂ ನಿಂತರೋ. ತುಳುವಿನಲ್ಲಿ ಬಾ ಎನ್ನುವುದಕ್ಕೆ 'ಬಲ' ಎನ್ನುತ್ತಾರೆ, ಬನ್ನಿ ಎನ್ನುವುದಕ್ಕೆ 'ಬಲೆ'. ಕೊನೆಯ ಒಂದು ಸ್ವರದ ವ್ಯತ್ಯಾಸ. ನಾನು ಗಂಟಲು ಸರಿಮಾಡಿಕೊಂಡು, "ಬಲೆ" ಎಂದೆ.

ಯಾರನ್ನು ಕರೆದೆನೆಂದು ಅವರು ಹಿಂದಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ಬಂದು, ಕುರ್ಚಿಯ ತುದಿಯಲ್ಲಿ ಕುಳಿತು, ಗೆಣಸಿನ ಸಿಪ್ಪೆ ಬಿಡಿಸಿ ತಿಂದರು. ಉಪ್ಪು ಸಾಲದೆಂದು ಅಮ್ಮನಿಗೆ ಹೇಳಿದರು.